ಎತ್ತಿ ಹೊಯ್ದ ನೀರು

ಟಿ. ದಾಸರಹಳ್ಳಿಯ ಆ ಖಾನಾವಳಿಯಲ್ಲಿ ಊಟಕ್ಕೆ ಮುಂಚೆ ಮೂರು ಸಲ ಗಂಟೆ ಬಾರಿಸುತ್ತಿದ್ದರು. ಮೊದಲ ಗಂಟೆಗೆ ಒಲೆಯ ಮೇಲೆ ಹಂಚು ಏರುತ್ತಿತ್ತು. ಎರಡನೆಯದಕ್ಕೆ ಬೆಂಚುಗಳ ಮುಂದೆ ತಾಟುಗಳು ಸಾಲಾಗಿ ಬೀಳುತ್ತಿದ್ದವು. ಮೂರನೆಯ ಗಂಟೆ ಆದದ್ದೇ ಒಳಬಾಗಿಲಿನ ಕೆಂಪು ಮಖಮಲ್ಲಿನ ಪರದೆ ಸರಿದು ದಾನೇಶ್ವರಿ ಹೊರಗೆ ಬರುತ್ತಿದ್ದಳು.

ಬರುತ್ತಿದ್ದಳು ಅಂದರೆ ಸಾಲದು. ಪ್ರವೇಶ ಮಾಡುತ್ತಿದ್ದಳು. ಜರಿಯಂಚಿನ ಇಳಕಲ್ ಸೀರೆ, ಮುಂಗೈವರೆಗೆ ಇಳಿದ ಮಿನುಗುವ ರವಿಕೆ, ಅದರ ಮೇಲೆ ಗಲಗಲ ಅನ್ನುವಷ್ಟು ಬಳೆ, ಬೆರಳಿಗೊಂದು ಉಂಗುರ, ಕತ್ತೇ ಕಾಣದಂತೆ ಮುತ್ತಿನ ಪಟ್ಟಿ, ತುಟಿಗೆ ಗಾಢ ಕೆಂಪು. ಒಂದೂ ಚಿನ್ನದ್ದಲ್ಲ. ಎಲ್ಲವೂ ನಾಟಕದ ಪೆಟ್ಟಿಗೆಯಿಂದ ಬಂದವು. ಪೀಣ್ಯದ ಕಾರ್ಖಾನೆಗಳಿಂದ ಗ್ರೀಸಿನ ಕೈ ಒರೆಸಿಕೊಳ್ಳುತ್ತ ಬಂದವರೆಲ್ಲ ಆ ಹೊತ್ತಿಗೆ ತಲೆ ಎತ್ತಿ ನೋಡಲೇಬೇಕು.

"ಬರ್ರಿ ಮಹಾರಾಜರ, ಬರ್ರಿ! ಯಾಕ ಅಲ್ಲೇ ನಿಂತೀರಿ? ಸಿಂಹಾಸನ ಖಾಲಿ ಐತಿ. ಎಣ್ಣಿಗಾಯಿ ನಿಮ್ಮ ಹೆಸರು ಹೇಳ್ಕೋತ ಕುದ್ಯಾಕತ್ತೈತಿ!"

"ಅಕ್ಕಾ, ಇವತ್ತು ಯಾವ ರಾಣಿ?" ಎಂದು ಮಲ್ಲಿಕ್ ಕೇಳುತ್ತಿದ್ದ. ಅವನು ದಾವಣಗೆರೆ ಕಡೆಯವನು, ಗೇರ್ ಮಾಡುವ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ತನ್ನ ಹುಡುಗರನ್ನೆಲ್ಲ ಕಟ್ಟಿಕೊಂಡು ಇಲ್ಲಿಗೇ ಊಟಕ್ಕೆ ಬರುವವನು.

"ರಾಣಿ ಅಲ್ಲೋ ತಮ್ಮಾ, ಮಹಾರಾಣಿ. ರಾಣಿಗೆ ಹೊತ್ತಿಗೆ ಸರಿಯಾಗಿ ಊಟ ಸಿಗತೈತಿ. ಮಹಾರಾಣಿಗೆ ನಿನ್ನಂಥಾ ಹೊಟ್ಟಿಬಾಕ್ರು ಎದ್ದು ಹೋದ ಮ್ಯಾಲೆ ಸಿಗತೈತಿ."

ಬೆಂಚುಗಳು ನಗುತ್ತಿದ್ದವು. ಆ ನಗುವಿನ ನಡುವೆ ದಾನೇಶ್ವರಿ ಒಂದು ಕಣ್ಣನ್ನು ತನ್ನ ಕೈಗಳ ಮೇಲೇ ಇಟ್ಟಿರುತ್ತಿದ್ದಳು. ಬಳೆ ಜಾರಿತೇ, ಉಂಗುರ ತಿರುಗಿತೇ, ಬಣ್ಣ ಬಿಟ್ಟಿತೇ ಎಂದು. ಅವಳ ಮೈಮೇಲಿನ ಒಂದೊಂದು ಒಡವೆಯ ಕೆಳಗೂ ಒಂದೊಂದು ಬಿಳಿ ಮಚ್ಚೆಯಿತ್ತು. ಮಚ್ಚೆ ಹರಡಿದಷ್ಟೂ ಒಡವೆ ಹೆಚ್ಚುತ್ತಿತ್ತು. ಜನ ಅದನ್ನು ಶೋಕಿ ಅನ್ನುತ್ತಿದ್ದರು.

ಅವಳು ಹುಟ್ಟಿದ್ದು ಶೋಕಿಯ ಮನೆತನದಲ್ಲೇ. ಅಪ್ಪ ಸೋಮಪ್ಪ 'ಶ್ರೀ ಗಡ್ಡಿಲಿಂಗೇಶ್ವರ ಕೃಪಾಪೋಷಿತ ನಾಟ್ಯ ಸಂಘ'ದ ಮಾಲೀಕ. ಕಂಪನಿಯ ಖಳನಾಯಕನೂ ಅವನೇ. ಅವ್ವ ಗೌರಮ್ಮ ಅಳುವ ತಾಯಿಯ ಪಾತ್ರಗಳಿಗೆ. ರೋಣ, ಗಜೇಂದ್ರಗಡ, ಕುಷ್ಟಗಿ ಎಂದು ಕ್ಯಾಂಪಿನಿಂದ ಕ್ಯಾಂಪಿಗೆ ಲಾರಿಯಲ್ಲಿ ಊರು ಊರು ತಿರುಗಿದ ಬಾಲ್ಯ. ಕೂಸಿದ್ದಾಗ ಅವಳ ತೊಟ್ಟಿಲನ್ನು ರಂಗದ ಪಕ್ಕದ ಗಳಕ್ಕೇ ಕಟ್ಟುತ್ತಿದ್ದರಂತೆ. ಅಪ್ಪನ ಗರ್ಜನೆಗೆ ಅಳದ ಕೂಸು ಹಾರ್ಮೋನಿಯಂ ನಿಂತರೆ ಅಳುತ್ತಿತ್ತಂತೆ.

ಕಂಪನಿಗೆ ಜನ ಬರುತ್ತಿದ್ದದ್ದು ಮಾತ್ರ ಅಪ್ಪನ ತಂಗಿ ಚನ್ನಬಸಮ್ಮನನ್ನು ನೋಡಲು. ನಾಯಕಿ ಅಂದರೆ ಅವಳೇ. ಬಣ್ಣದ ಕೋಣೆಯಲ್ಲಿ ಚನ್ನಬಸಮ್ಮ ಸೊಸೆಯನ್ನು ಪಕ್ಕಕ್ಕೆ ಕೂರಿಸಿಕೊಂಡು ಬಣ್ಣ ಅರೆಯುವುದನ್ನು ಕಲಿಸುತ್ತಿದ್ದಳು. ಬಿಳಿ ಪುಡಿ ಇಷ್ಟು, ಹಳದಿ ಇಷ್ಟು, ಕೆಂಪು ಉಗುರಿನ ತುದಿಯಷ್ಟು.

"ನೀರಾಗ ಕಲಸಿದ ಬಣ್ಣ ಬೆವರಿಗೆ ಹೋಗತೈತಿ, ದಾನಿ. ಕೊಬ್ಬರಿ ಎಣ್ಣ್ಯಾಗ ಅರದ್ರ ನೀರು ಏನೂ ಮಾಡಂಗಿಲ್ಲ. ಗ್ಯಾಸ್‌ಬತ್ತಿ ಹತ್ರ ಮಾತ್ರ ನಿಲ್ಲಬ್ಯಾಡ. ಬಿಸಿಗೆ ಕರಗತೈತಿ."

ಒಂದು ಬೇಸಿಗೆ, ಅತ್ತೆಯ ತುಟಿಯಂಚಿನಲ್ಲಿ ಅಕ್ಕಿಕಾಳಿನಷ್ಟು ಬಿಳುಪು ಕಾಣಿಸಿತು. ಆಮೇಲೆ ಬೆರಳುಗಳಲ್ಲಿ. ಪ್ರೇಕ್ಷಕರಿಗೆ ಗೊತ್ತಾಗಲೇ ಇಲ್ಲ, ಬಣ್ಣ ಅಷ್ಟು ಚೆನ್ನಾಗಿತ್ತು. ಗೊತ್ತಾದದ್ದು ಕಂಪನಿಯವರಿಗೆ. ಒಂದು ದಿನ ಎಲ್ಲರೂ ಸಾಲಾಗಿ ಉಣ್ಣಲು ಕುಳಿತಾಗ ಅತ್ತೆ ನೀರು ಕೇಳಿದಳು. ನಿನ್ನೆಯ ತನಕ ತಂಬಿಗೆಯನ್ನು ಕೈಗೆ ಕೊಡುತ್ತಿದ್ದ ಅವ್ವ, ಅವತ್ತು ತಂಬಿಗೆಯನ್ನು ಎತ್ತರಕ್ಕೆ ಹಿಡಿದು ಸುರಿದಳು. ಅತ್ತೆ ಒಂದು ಕ್ಷಣ ಅವ್ವನ ಮುಖ ನೋಡಿ, ಬೊಗಸೆಯೊಡ್ಡಿ ಕುಡಿದಳು. ಅವ್ವ ಕೆಟ್ಟವಳಲ್ಲ. ಬೇಕೆಂದು ಮಾಡಿದಳೋ, ಕೈ ತಾನಾಗಿ ಮೇಲೆದ್ದಿತೋ, ಅವಳಿಗೇ ತಿಳಿದಿರಲಿಕ್ಕಿಲ್ಲ. ಆ ಸಂಜೆಯ ಆಟದಲ್ಲಿ ನಾಯಕ ಅತ್ತೆಯ ಕೈ ಹಿಡಿಯಬೇಕಾದ ಜಾಗದಲ್ಲಿ ಸೆರಗಿನ ತುದಿ ಹಿಡಿದ. ಜನ ಅದಕ್ಕೂ ಚಪ್ಪಾಳೆ ತಟ್ಟಿದರು.

ಮುಂದಿನ ಕ್ಯಾಂಪಿಗೆ ಲಾರಿ ತುಂಬುವಾಗ ಚನ್ನಬಸಮ್ಮ ಹತ್ತಲಿಲ್ಲ. ಇಲ್ಲೇ ಯಾರೋ ಬೇಕಾದವರಿದ್ದಾರೆ, ಉಳಿದುಕೊಳ್ಳುತ್ತೇನೆ ಅಂದಳು. ಬಾ ಎಂದು ಒಬ್ಬರೂ ಕರೆಯಲಿಲ್ಲ. ಲಾರಿ ಹೊರಟಾಗ ದಾನೇಶ್ವರಿ ಹಿಂದಿನಿಂದ ನೋಡಿದಳು: ಅತ್ತೆ ರಸ್ತೆಯ ಬದಿಯಲ್ಲಿ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ನಿಂತಿದ್ದಳು. ಕೈ ಬೀಸಲೂ ಹೊರಗೆ ತೆಗೆಯಲಿಲ್ಲ.

ಸಾಯುವ ಭಯ, ಹಸಿವಿನ ಭಯ ಇವೆಲ್ಲ ದಾನೇಶ್ವರಿಗೆ ಮುಂದೆ ಬೇಕಾದಷ್ಟು ಬಂದು ಹೋದವು. ಆದರೆ ಭಯ ಅಂದಾಗ ಅವಳ ಕಣ್ಣ ಮುಂದೆ ಬರುತ್ತಿದ್ದದ್ದು ಎತ್ತಿ ಹಿಡಿದ ಆ ತಂಬಿಗೆ.

ಅಪ್ಪ ತೀರಿಕೊಂಡ ಮೇಲೆ ಕಂಪನಿಯ ತಗಡಿನ ಶೆಡ್ಡು ಒಂದು ಮಳೆಗಾಲದಲ್ಲಿ ಬಿದ್ದದ್ದು ಮತ್ತೆ ಏಳಲಿಲ್ಲ. ಅವಳನ್ನು ಮದುವೆಯಾಗಿದ್ದ ಮರೆಪ್ಪ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವನು; ಹೊಟ್ಟೆಪಾಡಿಗೆ ಪೀಣ್ಯದ ಸ್ಪ್ರಿಂಗ್ ಕಾರ್ಖಾನೆಗೆ ಸೇರಿದ. ಎರಡು ಸಾವಿರದ ಮೂರನೇ ಇಸವಿಯ ಸುಮಾರು. ದಾಸರಹಳ್ಳಿಯ ಬಾಡಿಗೆ ಕೋಣೆಗಳ ತುಂಬ ಕೊಪ್ಪಳ, ರಾಯಚೂರು, ಬಾಗಲಕೋಟೆಯ ಮಂದಿ. ಅನ್ನ ಉಂಡು ಉಂಡು ಬೇಸತ್ತವರು. ದಾನೇಶ್ವರಿ ಮನೆಯಲ್ಲಿ ರೊಟ್ಟಿ ತಟ್ಟುವ ಸದ್ದು ಕೇಳಿ ಪಕ್ಕದ ಕೋಣೆಯವರು ಬಾಗಿಲಿಗೆ ಬಂದರು. ಹಾಗೆ ಶುರುವಾದದ್ದು ಖಾನಾವಳಿ; ಮರೆಪ್ಪ ಕಾರ್ಖಾನೆ ಬಿಟ್ಟು ಗಲ್ಲಾದಲ್ಲಿ ಕುಳಿತ.

ಅವಳು ಒಲೆಯನ್ನು ಒಳಗೆ ಇಡಲಿಲ್ಲ. ಬೆಂಚುಗಳ ಎದುರಿಗೇ ಇಟ್ಟಳು, ರಂಗದ ಮೇಲೆ ಇಟ್ಟ ಹಾಗೆ. ಬಿಸಿನೀರು ಹಾಕಿ ನಾದಿದ ಹಿಟ್ಟು ಅವಳ ಅಂಗೈ ಕೆಳಗೆ ತಿರುಗುತ್ತ ತಿರುಗುತ್ತ ಹಗುರಾಗಿ ಅಗಲವಾಗುವುದನ್ನು ಜನ ಬಾಯಿಬಿಟ್ಟು ನೋಡುತ್ತಿದ್ದರು. ತಟ್ಟುವ ತಾಳಕ್ಕೆ ಸರಿಯಾಗಿ ಮಾತು. ನಾಟಕ ನಿಂತಿತ್ತು, ಆದರೆ ಅವಳಿಗೆ ನಿಂತಂತೆ ಅನ್ನಿಸಲೇ ಇಲ್ಲ.

ತುಮಕೂರು ರಸ್ತೆಯ ಮೇಲೆ ಫ್ಲೈಓವರ್ ಏಳುತ್ತಿದ್ದ ಕಾಲ. ಊಟದ ತಾಟಿನ ಮೇಲೂ ಸಿಮೆಂಟಿನ ಧೂಳು. ಒಂದು ಮಧ್ಯಾಹ್ನ ಕೆಲಸ ಮುಗಿಸಿ ಕೈ ತೊಳೆಯುವಾಗ ಉಗುರಿನ ಬದಿಯಲ್ಲಿ ಹಿಟ್ಟು ಅಂಟಿದ್ದು ಕಂಡಿತು. ಉಜ್ಜಿದಳು. ಮತ್ತೆ ತೊಳೆದು ಉಜ್ಜಿದಳು. ಹಿಟ್ಟು ಹೋಗಲಿಲ್ಲ. ಆ ಬಚ್ಚಲ ಮೋರಿಯ ಮುಂದೆ ಅವಳು ಎಷ್ಟು ಹೊತ್ತು ನಿಂತಳೋ, ಮರೆಪ್ಪ ಬಂದು ನಲ್ಲಿ ನಿಲ್ಲಿಸಿದ.

ರಾಜಾಜಿನಗರದ ಚರ್ಮದ ಡಾಕ್ಟರ ಬಳಿ ಅವಳು ತನ್ನ ಹೆಸರು ವಸಂತಮ್ಮ ಎಂದು ಹೇಳಿದಳು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಗ್ಲೌಸು ಕೂಡ ಹಾಕದೆ ಬೆರಳುಗಳನ್ನು ಹಿಡಿದು ನೋಡಿದಳು.

"ಇದು ತೊನ್ನು, ಅಮ್ಮಾ. ಅಂಟೋದಲ್ಲ. ನೋವಿಲ್ಲ, ಪ್ರಾಣಕ್ಕೇನೂ ಇಲ್ಲ. ಬಣ್ಣ ಹೋಗುತ್ತೆ ಅಷ್ಟೆ."

ಬಣ್ಣ ಹೋಗುತ್ತೆ ಅಷ್ಟೆ! ದಾರಿಯುದ್ದಕ್ಕೂ ಬಸ್ಸಿನಲ್ಲಿ ಆ ಮಾತು ಅವಳ ಕಿವಿಯಲ್ಲಿ ಕುಟ್ಟುತ್ತಿತ್ತು. ಮನೆಗೆ ಬಂದು ಗಂಡನಿಗೆ ಹೇಳಿದಳು, ಅಂಟಂಗಿಲ್ಲಂತ.

"ಅಂಟಂಗಿಲ್ಲ ಅಂತ ಬೋರ್ಡ್ ಬರಸಿ ಹಾಕೂಣೇನು?" ಎಂದ ಮರೆಪ್ಪ. ದನಿ ಗಡುಸಾಗಿತ್ತು, ಕಣ್ಣು ಹಾಗಿರಲಿಲ್ಲ. "ರೊಟ್ಟಿ ತಿನ್ನೋರು ಡಾಕ್ಟರ್ ಚೀಟಿ ಓದಿ ತಿಂತಾರೇನು, ದಾನಿ? ನೀ ಒಲಿ ಬಿಟ್ಟು ಏಳು. ತಟ್ಟಾಕ ಯಾರನ್ನರ ತರೂಣು."

ಹಾಗೆ ಬಂದವಳು ಹನುಮವ್ವ. ಕುಷ್ಟಗಿ ಕಡೆಯ ವಯಸ್ಸಾದ ಹೆಂಗಸು, ಗಂಡನಿಲ್ಲ. ಮಲ್ಲಸಂದ್ರದ ವಠಾರವೊಂದರಲ್ಲಿ ಒಂದು ಕೋಣೆ. ಮಾತು ಕಡಿಮೆ. ಅವಳು ಒಲೆಯ ಮುಂದೆ ಕುಳಿತಳು. ಒಲೆ ಬಿಟ್ಟೆದ್ದ ದಾನೇಶ್ವರಿ ಅತ್ತೆ ಕಲಿಸಿದ ಬಣ್ಣವನ್ನು ಮತ್ತೆ ಅರೆದಳು, ಪೆಟ್ಟಿಗೆಯಿಂದ ಒಡವೆ ತೆಗೆದಳು, ಪರದೆ ಕಟ್ಟಿಸಿದಳು, ಅಪ್ಪನ ಹಳೆಯ ಗಂಟೆ ತೂಗಿಸಿದಳು. ಮಹಾರಾಣಿಯಾದಳು.

ಆ ವರ್ಷಗಳಲ್ಲಿ ಅವಳಿಗೆ ಎಲ್ಲವೂ ಭಯವೇ. ಬೆಳಗ್ಗೆ ಕಿಟಕಿಯ ಬೆಳಕಿಗೆ ಕನ್ನಡಿ ಹಿಡಿದು ನಿಂತರೆ ನಿನ್ನೆ ಇಲ್ಲದ ಚುಕ್ಕೆ ಇವತ್ತು ಇದೆಯೇ ಎಂಬ ಭಯ. ಮೊಬೈಲಿನಲ್ಲಿ ಫೋಟೋ ತೆಗೆಯುತ್ತೇವೆ ಅನ್ನುವ ಹುಡುಗರ ಭಯ. ಬಳೆ ಎಷ್ಟು ಚಂದ, ಒಮ್ಮೆ ಕೊಡಿ ಎಂದು ಮುಂಗೈ ಹಿಡಿಯುವ ಹೆಂಗಸರ ಭಯ. ಚಿಲ್ಲರೆ ಕೊಡುವಾಗ ಅಂಗೈಗೆ ಅಂಗೈ ತಾಕಿದರೆ, ಆ ಮನುಷ್ಯ ಕೈ ಒರೆಸಿಕೊಳ್ಳುತ್ತಾನೋ ಎಂದು ಅವನು ಬಾಗಿಲು ದಾಟುವ ತನಕ ನೋಡುತ್ತಿದ್ದಳು. ಎಲ್ಲರೂ ಪ್ಯಾಂಟಿಗೆ ಕೈ ಒರೆಸಿಕೊಳ್ಳುವವರೇ. ಎಣ್ಣೆಗೆ ಒರೆಸಿಕೊಂಡರೋ ತನಗೆ ಒರೆಸಿಕೊಂಡರೋ ಹೇಗೆ ತಿಳಿಯಬೇಕು? ಭಯ ಹೆಚ್ಚಾದ ದಿನ ಅವಳ ಮಾತು ಇನ್ನೂ ಜೋರಾಗುತ್ತಿತ್ತು. ಇವತ್ತು ಅಕ್ಕ ಸಖತ್ ಮೂಡಲ್ಲಿದ್ದಾಳೆ ಎಂದು ಹುಡುಗರು ಹೇಳಿಕೊಳ್ಳುತ್ತಿದ್ದರು.

ರಸ್ತೆಯಲ್ಲಿ ಮೆಟ್ರೊ ಕಂಬಗಳು ಏಳುತ್ತಿದ್ದ ಆ ಬೇಸಿಗೆಯ ಮಧ್ಯಾಹ್ನ, ಯಾವುದೋ ಕಾರ್ಖಾನೆಗೆ ಕರೆಂಟು ಹೋಗಿ ಪಾಳಿಯ ಮಂದಿಯೆಲ್ಲ ಒಟ್ಟಿಗೆ ನುಗ್ಗಿದರು. ರೊಟ್ಟಿಯ ಬುಟ್ಟಿ ಬರಿದಾಯಿತು. ಹನುಮವ್ವ ತಲೆ ಎತ್ತದೆ ತಟ್ಟುತ್ತಿದ್ದಳು.

"ಮಹಾರಾಣೀ, ಮಹಾರಾಜರು ಹಸಿದು ಸಾಯ್ತಿದಾರೆ!" ಎಂದು ಮಲ್ಲಿಕ್ ತಾಟು ಬಡಿದ.

"ಸಾಯಬ್ಯಾಡೋ ಮಹಾರಾಜ, ನನ್ನ ರಾಜ್ಯಕ್ಕ ಕೆಟ್ಟ ಹೆಸರು!" ಎಂದವಳೇ, ಬೆಂಚುಗಳ ನಗು ನಿಲ್ಲುವ ಮೊದಲೇ ದಾನೇಶ್ವರಿ ಬಗ್ಗಿ ಹಂಚಿನ ಮೇಲೆ ಉಬ್ಬಿ ನಿಂತಿದ್ದ ರೊಟ್ಟಿಯನ್ನು ಬರಿಗೈಯಲ್ಲಿ ಎತ್ತಿ, ತಿರುಗಿ, ಅವನ ತಾಟಿಗೆ ಎಸೆದಳು. ಬೆರಳು ಚುರ್ ಅಂದಿತು. ಆಗಲೂ ಅವಳಿಗೆ ಹೊಳೆಯಲಿಲ್ಲ. ಬುಟ್ಟಿಯಲ್ಲಿ ಆರಿದ ರೊಟ್ಟಿಯನ್ನು ಮಾತ್ರ ಮುಟ್ಟುವ ಎಚ್ಚರ ಅಷ್ಟು ವರ್ಷ ಇಟ್ಟುಕೊಂಡವಳು, ಒಂದು ನಗುವಿನ ಸುಖಕ್ಕೆ ಮರೆತಿದ್ದಳು.

ಮಲ್ಲಿಕ್ ರೊಟ್ಟಿ ಮುರಿಯಲು ಹೋದವನು ನಿಂತ.

"ಅಕ್ಕಾ, ಇದೇನಿದು?"

ಬಿಳಿ ರೊಟ್ಟಿಯ ಮೇಲೆ ಬೆರಳುಗಳು ಮೂಡಿದ್ದವು. ಮೈಬಣ್ಣದ ಬೆರಳುಗಳು. ಯಾರದೋ ಕೈ ರೊಟ್ಟಿಯೊಳಗಿಂದ ಮೇಲೆ ಬರುತ್ತಿದ್ದಂತೆ.

"ಬೆರಳಚ್ಚು ಒತ್ತಿದಾರೆ ಕಣ್ರೋ. ಪೊಲೀಸ್ ಸ್ಟೇಷನ್ನಾ ಇದು?" ಎಂದು ನಕ್ಕವನು ಮೂಸಿ ನೋಡಿದ. ನಗು ಇಳಿಯಿತು. "ಪೇಂಟ್ ಥರ ವಾಸನೆ."

"ಚರ್ಮ ಗಿರ್ಮ ಕಿತ್ತು ಬಂತೇನ್ರಿ?" ಎಂದು ಪಕ್ಕದವನೊಬ್ಬ ಬಗ್ಗಿದ. "ತಟ್ಟೋರಿಗೆ ಏನರ ರೋಗ ಐತೇನ ನೋಡ್ರಿ ಮೊದ್ಲ."

ಮಲ್ಲಿಕ್‌ನ ಕೈ ತಾಟಿನಿಂದ ಹಿಂದಕ್ಕೆ ಹೋಯಿತು. ಅವನ ಪಕ್ಕದವನದೂ. ಬೆಂಚಿನ ಉದ್ದಕ್ಕೂ ಕೈಗಳು ಒಂದೊಂದಾಗಿ ಹಿಂದೆ ಸರಿದವು. ಇಷ್ಟು ವರ್ಷ ಅವಳು ಮುಚ್ಚಿಟ್ಟು ಬದುಕಿದ್ದು ಇದೊಂದನ್ನು ನೋಡಬಾರದೆಂದೇ. ದಾನೇಶ್ವರಿ ಬಲಗೈಯನ್ನು ಸೆರಗಿನೊಳಗೆ ಸುತ್ತಿಕೊಂಡಳು. ಸುತ್ತಿಕೊಂಡಾಗ, ರಸ್ತೆಯ ಬದಿಯಲ್ಲಿ ನಿಂತ ಚನ್ನಬಸಮ್ಮ ಕಣ್ಣ ಮುಂದೆ ಬಂದಳು.

"ಏ ಹನುಮವ್ವಾ!" ಗಲ್ಲಾದಿಂದ ಮರೆಪ್ಪನ ಕೂಗು. "ಕೈಗೆ ಏನ್ ಹಚ್ಕೊಂಡು ಕುಂತೀ?"

ಹನುಮವ್ವ ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. ಹಿಟ್ಟು, ನೀರು. ಬೇರೇನಿಲ್ಲ. ಆಮೇಲೆ ನಿಧಾನವಾಗಿ ತಲೆ ಎತ್ತಿ ದಾನೇಶ್ವರಿಯ ಸೆರಗನ್ನು ನೋಡಿದಳು.

"ಏನೂ ಹಚ್ಚಿಲ್ರಿ, ಯಜಮಾನ್ರ."

"ಏಳು. ಒಲಿ ಬಿಟ್ಟು ಏಳು ಮೊದ್ಲ." ಮರೆಪ್ಪ ಬೆಂಚುಗಳ ಕಡೆ ತಿರುಗಿ ಕೈ ಮುಗಿದ. "ತಪ್ಪಾತ್ರಿ. ಆಕಿ ಕೈಗೆ ಏನೋ ಆಗೇತಿ. ನಾಳಿಂದ ಬರಂಗಿಲ್ಲ."

ಎಲ್ಲ ಕಣ್ಣುಗಳೂ ಹನುಮವ್ವನ ಮೇಲೆ. ದಾನೇಶ್ವರಿ ಒಂದು ಮಾತು ಹೇಳಬೇಕಿತ್ತು. ನಾಲಗೆಯ ತುದಿಯಲ್ಲಿತ್ತು. ರಂಗದ ಮೇಲೆ ಮಾತು ಮರೆತವರನ್ನು ಅವಳು ಕಂಡಿದ್ದಳು. ಮಾತು ನೆನಪಿದ್ದೂ ನಿಂತವರನ್ನು ಕಂಡಿರಲಿಲ್ಲ. ಹನುಮವ್ವ ಬೋಗುಣಿಯಲ್ಲಿ ಕೈ ತೊಳೆದು, ಚೀಲ ತೆಗೆದುಕೊಂಡು, ಯಾರನ್ನೂ ನೋಡದೆ ಹೊರಗೆ ನಡೆದಳು.

ಆಮೇಲಿನ ದಿನಗಳಲ್ಲಿ ದಾನೇಶ್ವರಿ ಹೆದರಿದ್ದು ಹನುಮವ್ವನ ಬಾಯಿಗೆ. ಹೊರಗೆ ಯಾರು ಗುಸುಗುಸು ಮಾತಾಡಿದರೂ ಕಿವಿ ಅಲ್ಲಿಗೇ. ಹನುಮವ್ವ ಹೇಳಿರಬೇಕು, ಇವತ್ತು ಮೂರನೇ ಗಂಟೆಗೆ ಪರದೆ ಸರಿಸಿದರೆ ಬೆಂಚುಗಳು ಖಾಲಿ ಇರುತ್ತವೆ. ಆದರೆ ಬೆಂಚುಗಳು ತುಂಬಿಯೇ ಇದ್ದವು. ರೊಟ್ಟಿಯ ಬದಲು ಚಪಾತಿ ಹಾಕುತ್ತಿದ್ದರು, ಜನ ಗೊಣಗುತ್ತಲೇ ತಿನ್ನುತ್ತಿದ್ದರು.

"ಒಳ್ಳೆ ಕೆಲ್ಸ ಮಾಡಿದ್ರಿ ಅಕ್ಕಾ, ಆ ಅಜ್ಜೀನ ಕಳಿಸ್ಬಿಟ್ಟಿದ್ದು," ಎಂದ ಮಲ್ಲಿಕ್. "ಏನೋ ಚರ್ಮದ ಕಾಯಿಲೆ ಅಂತೆ. ಆ ಕಡೆ ಖಾನಾವಳೀಲಿ ಕೆಲ್ಸ ಕೇಳಿದ್ಲಂತೆ, ಅವ್ರೂ ಬೇಡ ಅಂದ್ರಂತೆ. ಸುದ್ದಿ ಎಲ್ಲಾ ಕಡೆ ಹೋಗ್ಬಿಟ್ಟಿದೆ ಬಿಡಿ."

"ಹೌದೇನೋ ಮಹಾರಾಜ?" ಎಂದಳು ದಾನೇಶ್ವರಿ. ದನಿ ಎಷ್ಟು ಸರಾಗವಾಗಿ ಬಂತೆಂದರೆ, ಅವಳಿಗೇ ತನ್ನ ಗಂಟಲಿನ ಬಗ್ಗೆ ಹೆದರಿಕೆಯಾಯಿತು.

ಮರುದಿನ ಬೆಳಗ್ಗೆ ಅವಳು ಮಲ್ಲಸಂದ್ರಕ್ಕೆ ಹೋದಳು. ಯಾಕೆ ಹೋಗುತ್ತಿದ್ದೇನೆ ಎಂದು ಗೊತ್ತಿರಲಿಲ್ಲ. ಬೇಡಿಕೊಳ್ಳಲೋ, ಬಾಯಿ ಮುಚ್ಚಿಸಲೋ. ವಠಾರದ ಮುಂದಿನ ನಲ್ಲಿಗೆ ಕೊಡಗಳ ಸಾಲು. ಹನುಮವ್ವನ ಸರದಿ ಬಂದಿತ್ತು. ಅವಳು ನಲ್ಲಿಗೆ ಕೈ ಹಾಕುವಷ್ಟರಲ್ಲಿ ಮುಂದಿದ್ದ ಹೆಂಗಸು ತಡೆದಳು.

"ತಡಿ ತಡಿ ಯಮ್ಮಾ, ನೀ ಮುಟ್ಟಬ್ಯಾಡ. ನಾ ಹಾಕ್ತೀನಿ. ಕೊಡ ಕೆಳಗಿಟ್ಟು ಸರಿ."

ಹನುಮವ್ವ ಕೊಡ ಇಟ್ಟು ಸರಿದಳು. ಆ ಹೆಂಗಸು ತನ್ನ ಬಿಂದಿಗೆಯನ್ನು ಎದೆಯೆತ್ತರಕ್ಕೆ ಎತ್ತಿ ಹಿಡಿದು ಸುರಿದಳು. ನೀರು ಎತ್ತರದಿಂದ ಬಿದ್ದು, ಅರ್ಧ ಕೊಡಕ್ಕೆ, ಅರ್ಧ ಹನುಮವ್ವನ ಪಾದದ ಮೇಲೆ. ಹನುಮವ್ವ ಒಂದು ಕ್ಷಣ ಆ ಹೆಂಗಸಿನ ಮುಖ ನೋಡಿದಳು.

ಆ ನೋಟ ದಾನೇಶ್ವರಿಗೆ ಗೊತ್ತಿತ್ತು. ಪಕ್ಕದ ಆಟೋವನ್ನು ಹಿಡಿದು ನಿಂತಳು.

ಕೊಡ ಹೊತ್ತು ಬಂದ ಹನುಮವ್ವ ಅವಳನ್ನು ಕಂಡು ನಿಂತಳು. "ಯಾಕ ಬಂದ್ರಿ ಅಕ್ಕಾರ?"

"ನಿನಗ… ಗೊತ್ತಿತ್ತೇನು?"

"ಗೊತ್ತಾಗದಂಗ ಏನೈತಿ? ಒಂದ ಅಡಗಿಮನ್ಯಾಗ ಇರತಿದ್ವಿ. ನೀವು ಕೈಬಳಿ ಒರಸಿದ ಅರಿವಿಗೆ ಬಣ್ಣ ಹತ್ತಿರತಿತ್ತು."

"ಮತ್ತ ಅವತ್ತ ಯಾಕ ಹೇಳಲಿಲ್ಲ?"

"ಅದು ನೀವು ಹೇಳೂದು. ನಾ ಹೇಳೂದಲ್ಲ." ಹನುಮವ್ವ ಕೊಡವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿದಳು. "ನನ್ನ ಕೈ ನೋಡ್ರಿ, ನೋಡ್ರಿ ಅಂತ ಎಲ್ಲಾರ ಮುಂದ ಹಿಡದೆ. ಹತ್ರ ಬಂದು ನೋಡೋರ ಇಲ್ಲ. ದೂರ ನಿಂತು, ಹೌದಂತ, ಅಂತಾರ."

"ನಾಳೆ ಬಾ ಹನುಮವ್ವಾ. ಊಟದ ಹೊತ್ತಿಗೆ."

"ಯಾಕ್ರಿ? ಇನ್ನೊಂದ ಸಲ ಏಳಸಾಕ?"

ಅವಳು ಹೋದಳು. ಕೊಡ ತುಳುಕಿದಲ್ಲೆಲ್ಲ ಮಣ್ಣಿನ ಮೇಲೆ ಕಪ್ಪು ಕಲೆ.

ಮರುದಿನ ದಾನೇಶ್ವರಿ ಎಂದಿಗಿಂತ ಹೆಚ್ಚು ಅಲಂಕರಿಸಿಕೊಂಡಳು. ಬಣ್ಣವನ್ನು ಎರಡು ಸಲ ಒರೆಸಿ ಮತ್ತೆ ಹಚ್ಚಿದಳು. ಅಪ್ಪನ ಮಾತು ನೆನಪಾಗುತ್ತಿತ್ತು: "ಬಣ್ಣ ಹಚ್ಚಿದ ಮುಖ ಜನಕ್ಕ ತೋರಸು. ಬಣ್ಣ ತಗಿಯೂದನ್ನ ಮಾತ್ರ ಯಾರಿಗೂ ತೋರಸಬ್ಯಾಡ. ತೋರಸಿದ ದಿನ ಕಂಪನಿ ಸತ್ತಂಗ." ಕಂಪನಿಯಲ್ಲಿ ಎಂಥ ಬಡತನ ಬಂದರೂ ಆ ನೇಮ ಮುರಿದಿರಲಿಲ್ಲ.

ಮೂರನೇ ಗಂಟೆ ಆಯಿತು. ಪರದೆ ಸರಿಯಿತು. ಅವಳು ಒಂದು ಕೈಯಲ್ಲಿ ಕೊಬ್ಬರಿ ಎಣ್ಣೆಯ ಬಟ್ಟಲು, ಇನ್ನೊಂದರಲ್ಲಿ ಹಳೆಯ ಧೋತರದ ತುಂಡು ಹಿಡಿದು ಬಂದು, ಯಾರನ್ನೂ ಕರೆಯದೆ ಒಲೆಯ ಮುಂದೆ ಜನಕ್ಕೆ ಎದುರಾಗಿ ಕುಳಿತಳು.

"ದಾನಿ," ಎಂದ ಮರೆಪ್ಪ ಗಲ್ಲಾದಿಂದ ಅರ್ಧ ಎದ್ದು. "ಬ್ಯಾಡ. ದಾನಿ, ಬ್ಯಾಡ."

ಅವಳು ಉಂಗುರ ಬಿಚ್ಚಿದಳು. ಬಳೆಗಳನ್ನು ಒಂದೊಂದಾಗಿ ಇಳಿಸಿದಳು. ಬಿಚ್ಚಿಟ್ಟ ಬಳೆಗಳು ನೆಲದ ಮೇಲೆ ಗಲಗುಟ್ಟಿದವು. ತೋಳು ಮೇಲೆ ಮಡಚಿದಳು. ಕತ್ತಿನ ಪಟ್ಟಿ ತೆಗೆದಳು.

"ಇವತ್ತು ಯಾವ ಸೀನ್ ಅಕ್ಕಾ?" ಹಿಂದಿನಿಂದ ಯಾರೋ ಸಿಳ್ಳೆ ಹಾಕಿದ. ಕೆಲವರು ಚಪ್ಪಾಳೆ ತಟ್ಟಿದರು.

ಎಣ್ಣೆ ಹಚ್ಚಿ ತಿಕ್ಕಿದಳು. ಧೋತರಕ್ಕೆ ಕಂದು ಬಣ್ಣ ಹತ್ತಿತು. ಅದರ ಕೆಳಗಿಂದ ಬೆರಳುಗಳು ಬೆಳ್ಳಗೆ, ಮುಂಗೈ ಬೆಳ್ಳಗೆ, ನಡುವೆ ಅಲ್ಲಲ್ಲಿ ಹಳೆಯ ಕಪ್ಪು ಉಳಿದು, ನಕಾಶೆಯ ಹಾಗೆ ಹೊರಗೆ ಬಂದವು. ತುಟಿ ಒರೆಸಿದಳು. ಚಪ್ಪಾಳೆ ನಿಂತಿತು. ರಸ್ತೆಯಲ್ಲಿ ಕಾಂಕ್ರೀಟು ತಿರುಗಿಸುವ ಯಂತ್ರದ ಸದ್ದು ಮೊದಲ ಸಲ ಒಳಗೆ ಕೇಳಿತು.

"ಅವತ್ತಿನ ರೊಟ್ಟಿ ಮ್ಯಾಲಿಂದು ನನ್ನ ಬೆರಳು," ಎಂದಳು. "ಹನುಮವ್ವಂದಲ್ಲ. ಇದು ತೊನ್ನು."

"ಏನಂದ್ರು? ಕೇಳಿಸ್ಲಿಲ್ಲ," ಎಂದಿತು ಕೊನೆಯ ಬೆಂಚು.

ಸಾವಿರ ಜನರ ಶೆಡ್ಡಿನಲ್ಲಿ ಹಿಂದೆ ನೆಲದ ಮೇಲೆ ಕೂತವರಿಗೂ ಮುಟ್ಟುತ್ತಿದ್ದ ಮನೆತನದ ದನಿ, ಆರು ಮಾರಿನ ಖಾನಾವಳಿಯಲ್ಲಿ ಮುಟ್ಟಿರಲಿಲ್ಲ. ಅವಳು ಅದನ್ನು ಎರಡನೇ ಸಲ ಹೇಳಬೇಕಾಯಿತು.

"ನನ್ನ ಬೆರಳು. ಹನುಮವ್ವಂದಲ್ಲ. ನನಗ ತೊನ್ನು ಐತಿ. ಅಂಟಂಗಿಲ್ಲ ಅಂತ ಡಾಕ್ಟರ್ ಹೇಳ್ಯಾರ. ಇವತ್ತಿಂದ ರೊಟ್ಟಿ ನಾನ ತಟ್ಟತೀನಿ. ಉಣ್ಣೋರು ಉಣ್ರಿ. ಏಳೋರು ಏಳ್ರಿ. ನಾ ಏನೂ ಅನ್ನಂಗಿಲ್ಲ."

ತಲೆ ತಗ್ಗಿಸಿ ಹಿಟ್ಟಿಗೆ ಬಿಸಿನೀರು ಹೊಯ್ದಳು. ನೋಡಲು ಧೈರ್ಯ ಬರಲಿಲ್ಲ. ಬೆಂಚು ಜರುಗಿದ ಸದ್ದು ಕೇಳಿತು. ಚಪ್ಪಲಿ. ಮತ್ತೆ ಬೆಂಚು. "ಮೀಟಿಂಗ್ ಇದೆ ಅಕ್ಕಾ, ಬರ್ತೀನಿ," ಎಂದದ್ದು ಮಲ್ಲಿಕ್‌ನ ದನಿ. ಅವನ ಹಿಂದೆ ಅವನ ಹುಡುಗರ ಕಾಲು. ಬಾಗಿಲ ಬಳಿ ನಲ್ಲಿಯ ಸದ್ದು. ಇನ್ನೂ ಉಣ್ಣದವರು ಕೈ ತೊಳೆಯುತ್ತಿದ್ದರು.

ಮೊದಲ ರೊಟ್ಟಿ ಅಂಚಿನಲ್ಲಿ ಬಿರುಕು ಬಿಟ್ಟಿತು. ಮುದ್ದೆ ಮಾಡಿ ಮತ್ತೆ ತಟ್ಟಿದಳು. ಎಷ್ಟೋ ವರ್ಷವಾದ ಮೇಲೆ ಅಂಗೈಗೆ ಹಿಟ್ಟು ತಾಗಿತ್ತು. ಹಂಚಿನ ಮೇಲೆ ಹಾಕಿ, ನೀರು ಸವರಿ, ಮಗುಚಿ, ಬೆಂಕಿಗೆ ಒಡ್ಡಿದಳು, ರೊಟ್ಟಿ ಉಬ್ಬಿತು. ತೆಗೆದು ಬುಟ್ಟಿಯಲ್ಲಿಟ್ಟಳು. ಯಾರೂ ಕೈ ಚಾಚಲಿಲ್ಲ. ಗೋಡೆಯ ಬದಿಯ ಬೆಂಚಿನಲ್ಲಿ ನಾಲ್ಕಾರು ರಾಯಚೂರು ಹುಡುಗರು ಉಳಿದಿದ್ದರು. ಏಳಲೂ ಆಗದೆ, ಬೇಡಲೂ ಆಗದೆ ತಾಟು ನೋಡುತ್ತ ಕುಳಿತಿದ್ದರು. ರೊಟ್ಟಿಯ ಹಬೆ ಸಣ್ಣದಾಗುತ್ತ ಬಂತು.

ಬಾಗಿಲಿನಲ್ಲಿ ಬೆಳ್ಳನೆಯ ಬಿಸಿಲಿಗೆ ಅಡ್ಡವಾಗಿ ಯಾರೋ ನಿಂತರು. ಹನುಮವ್ವ. ಎಷ್ಟು ಹೊತ್ತಿನಿಂದ ಹೊರಗಿದ್ದಳೋ. ಒಳಗೆ ಬಂದಳು. ಒಲೆಯ ಕಡೆಗೆ ಬರಲಿಲ್ಲ. ಬುಟ್ಟಿಯಿಂದ ಆ ರೊಟ್ಟಿಯನ್ನು ತಾನೇ ಎತ್ತಿಕೊಂಡು, ಮುಂದಿನ ಬೆಂಚಿನ ಮೇಲೆ, ಮಲ್ಲಿಕ್ ಕೂರುವ ಜಾಗದಲ್ಲಿ ಕುಳಿತಳು. ಅಷ್ಟು ವರ್ಷ ಅಲ್ಲಿ ದುಡಿದವಳು ಆ ಸಿಂಹಾಸನದ ಮೇಲೆ ಕುಳಿತದ್ದು ಅದೇ ಮೊದಲು.

ಮುರಿದು ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿದಳು.

"ದಪ್ಪ ಆಗೇತಿ," ಎಂದಳು. "ಕೈ ರೂಢಿ ತಪ್ಪೇತಿ ನಿಮಗ."

ದಾನೇಶ್ವರಿ ತಲೆಯಾಡಿಸಿದಳು.

"ನೀರು ಕೊಡ್ರಿ."

ಅವಳು ತಂಬಿಗೆ ತುಂಬಿಕೊಂಡು ಎದ್ದಳು. ಬೆಂಚಿನ ಬಳಿ ಬಂದಾಗ, ತನಗೇ ತಿಳಿಯದಂತೆ, ಅವಳ ಕೈ ಮೇಲೆದ್ದಿತು. ತನ್ನ ಬೆರಳು ತಾಗಬಾರದೆಂದು, ತಂಬಿಗೆಯನ್ನು ಎತ್ತರದಲ್ಲಿ ಬಾಗಿಸಿ ಸುರಿಯಲು ನಿಂತಿದ್ದಳು.

ಹನುಮವ್ವ ಬೊಗಸೆ ಒಡ್ಡಲಿಲ್ಲ. ಕೈ ಚಾಚಿ, ತಂಬಿಗೆಗಾಗಿ ಕಾದು ಕುಳಿತಳು.

"ಇಲ್ಲೆ ಕೊಡ್ರಿ."

ದಾನೇಶ್ವರಿಯ ಕೈ ಕೆಳಗಿಳಿಯಲು ಹೊತ್ತು ಹಿಡಿಯಿತು. ಇಳಿಯಿತು. ಹಿತ್ತಾಳೆಯ ತಂಬಿಗೆಯ ಕಂಠದ ಮೇಲೆ ಎರಡು ಕೈಗಳ ಬೆರಳು ಒಂದು ಕ್ಷಣ ಒಟ್ಟಿಗಿದ್ದವು. ಹನುಮವ್ವನವು ಒರಟು, ಅವಳವು ಇನ್ನೂ ಎಣ್ಣೆಯ ಜಾರು. ಹನುಮವ್ವ ತಂಬಿಗೆಯನ್ನು ಕಚ್ಚಿ ಗಟಗಟ ಕುಡಿದು, ಕೆಳಗಿಟ್ಟು, ಮತ್ತೆ ರೊಟ್ಟಿ ಮುರಿದಳು.

ದಾನೇಶ್ವರಿ ಒಲೆಯ ಮುಂದೆ ಹೋಗಿ ಕುಳಿತಳು. ನಾಳೆ ಮೂರನೇ ಗಂಟೆಗೆ ಯಾರು ಬರುತ್ತಾರೋ ಗೊತ್ತಿಲ್ಲ. ಗೋಡೆಯ ಬದಿಯ ಬೆಂಚು ಜರುಗಿತು. ಹುಡುಗರು ಏಳುತ್ತಿದ್ದಾರೋ, ತಾಟು ಹಿಡಿದು ಮುಂದೆ ಸರಿಯುತ್ತಿದ್ದಾರೋ ಎಂದು ಅವಳು ತಲೆ ಎತ್ತಿ ನೋಡಲಿಲ್ಲ. ಇನ್ನೊಂದು ಉಂಡೆ ತೆಗೆದುಕೊಂಡು, ಈ ಸಲ ತೆಳ್ಳಗೆ, ತಟ್ಟತೊಡಗಿದಳು.